ಪೀಣ್ಯದ ಶೆಡ್ಡಿನಲ್ಲಿ ಗೂಬೆಗೆ ಜಾಗವಿರಲಿಲ್ಲ

ಸೋತ ರಾತ್ರಿ ಮುಖಂಡರು ಏನು ಮಾಡುತ್ತಾರೆ? ಯಾರದೋ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೋ, ಒಟ್ಟಿಗೆ ಕೂತು ಲೆಕ್ಕ ಬಿಚ್ಚುತ್ತಾರೋ? ಚಂದ್ರನವರೆಗೆ ಹೋದ ದಾರಿ ತುಮಕೂರು ರಸ್ತೆಯ ಬದಿಯ ಶೀಟಿನ ಶೆಡ್ಡಿನಲ್ಲಿ ಶುರುವಾಯಿತು. ಅಲ್ಲಿ ಆಗಲೇ ಒಂದು ರೂಢಿ ಬೇರೂರಿತ್ತು.

2023ರ ಆಗಸ್ಟ್ 23. ಸಂಜೆ 5 ಗಂಟೆ 44 ನಿಮಿಷ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಸಂಜೆಯ ಕಾಫಿ ಲೋಟ ಹಿಡಿದವರೆಲ್ಲ ಟಿ.ವಿ. ಮುಂದೆ. ಅವರು ಕಣ್ಣು ಕೀಲಿಸಿದ್ದ ಕೊಠಡಿ ಇದ್ದದ್ದು ಅಲ್ಲಿಂದ ಕೆಲವೇ ಕಿಲೊಮೀಟರ್ ಆಚೆ, ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರದಲ್ಲಿ.

ಆ ಹೊತ್ತಿಗೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲದಿಂದ 30 ಕಿ.ಮೀ. ಮೇಲೆ, ಸೆಕೆಂಡಿಗೆ 1.68 ಕಿ.ಮೀ. ವೇಗದಲ್ಲಿ ಹೋಗುತ್ತಿತ್ತು. ಅಲ್ಲಿಂದ ಮುಂದಿನ 19 ನಿಮಿಷ ಪೀಣ್ಯದವರ ಕೈಯಲ್ಲಿ ಏನೂ ಇರಲಿಲ್ಲ. ಎಂಜಿನ್ ಯಾವಾಗ ಉರಿಸಬೇಕು, ಎಷ್ಟು ವಾಲಬೇಕು, ಬಂಡೆ ಕಂಡರೆ ಎತ್ತ ಸರಿಯಬೇಕು ಎನ್ನುವುದೆಲ್ಲ ಲ್ಯಾಂಡರಿನೊಳಗಿನ ಕಂಪ್ಯೂಟರಿಗೆ ಬಿಟ್ಟದ್ದು. ಅಧ್ಯಕ್ಷರು, ಯೋಜನಾ ನಿರ್ದೇಶಕರು, ಕೇಂದ್ರಗಳ ಮುಖ್ಯಸ್ಥರು ಎಲ್ಲರೂ ಪರದೆ ನೋಡುತ್ತ ಕೂರಬೇಕಾದವರೇ.

6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಇಳಿಯಿತು. ಚಪ್ಪಾಳೆ, ಅಪ್ಪುಗೆ, ಜೋಹಾನ್ಸ್‌ಬರ್ಗ್‌ನಿಂದ ಪರದೆಯ ಮೇಲೆ ಪ್ರಧಾನಿಯ ಮಾತು. ಇವೆಲ್ಲ ಎಲ್ಲರಿಗೂ ನೆನಪಿದೆ. ಅದರ ನಂತರದ ಕೆಲವು ನಿಮಿಷ ಅಷ್ಟಾಗಿ ಯಾರ ಮನಸ್ಸಿನಲ್ಲೂ ಉಳಿದಂತಿಲ್ಲ. ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಮೈಕು ತಮ್ಮ ಬಳಿ ಇಟ್ಟುಕೊಳ್ಳಲಿಲ್ಲ. ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್, ಸಹ ಯೋಜನಾ ನಿರ್ದೇಶಕಿ ಕಲ್ಪನಾ, ಉಪಗ್ರಹ ಕೇಂದ್ರದ ನಿರ್ದೇಶಕ ಎಂ. ಶಂಕರನ್ ಹೀಗೆ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿದರು. ಕಲ್ಪನಾ ಅವರ ಮಾತು ಶುರುವಾದದ್ದೇ ಚಂದ್ರಯಾನ-2ರ ನಂತರ ನೌಕೆಯನ್ನು ಮತ್ತೆ ಕಟ್ಟಲು ಕೂತ ದಿನದಿಂದ. ಗೆದ್ದ ಸಂಜೆ ಸೋಲನ್ನು ಹೆಸರು ಹಿಡಿದು ಕರೆಯುವುದಕ್ಕೆ ಅವರಿಗೆ ಸಂಕೋಚವಿರಲಿಲ್ಲ.

ಆ ಸೋಲು ಬಂದದ್ದೂ ಇದೇ ಇಸ್ಟ್ರಾಕ್‌ಗೆ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ, ನಿಗದಿತ ಪಥದ ಗೆರೆಯಿಂದ ಲ್ಯಾಂಡರಿನ ಗೆರೆ ಸರಿಯಿತು. 2.1 ಕಿ.ಮೀ. ಎತ್ತರ ದಾಟಿ ಕೆಳಗಿಳಿದ ಮೇಲೆ ಸಂಪರ್ಕ ತಪ್ಪಿತು. ಬೆಳಿಗ್ಗೆ ಅಂದಿನ ಅಧ್ಯಕ್ಷ ಕೆ. ಶಿವನ್ ಪ್ರಧಾನಿಯ ಹೆಗಲಿಗೆ ಒರಗಿ ಅತ್ತ ದೃಶ್ಯವನ್ನು ದೇಶವೆಲ್ಲ ನೋಡಿತು. ಟಿ.ವಿ. ಚರ್ಚೆಗಳು ಅದರ ಸುತ್ತಲೇ ಸುತ್ತಿದವು. ನನಗೆ ಆಗಲೂ ಈಗಲೂ ಕುತೂಹಲ ಇರುವುದು ಕ್ಯಾಮೆರಾ ಹೋದ ಮೇಲೆ ಏನಾಯಿತು ಎಂಬುದರ ಬಗ್ಗೆ. ಸೋಮವಾರ ಕಚೇರಿಗೆ ಬಂದ ಇಷ್ಟೊಂದು ಜನ ಮುಖಂಡರು ಪರಸ್ಪರ ಮುಖ ಹೇಗೆ ನೋಡಿದರು?

ಆಗಸ್ಟ್ 23 ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಶಾಲೆಗಳಲ್ಲಿ ಥರ್ಮಾಕೋಲಿನ ರಾಕೆಟ್ ಏಳುತ್ತವೆ, ಕಾರ್ಪೊರೇಟ್ ಕಚೇರಿಗಳಲ್ಲಿ 'ಟೀಂ ಬಿಲ್ಡಿಂಗ್' ಭಾಷಣಕ್ಕೆ ಇಸ್ರೊ ಉದಾಹರಣೆ ಸಿಗುತ್ತದೆ. ಎರಡೂ ಬೇಡವೆನ್ನುವುದಿಲ್ಲ. ಆದರೆ ಮುಖಂಡರ ನಡುವಿನ ನಂಬಿಕೆ ಹೇಗೆ ಹುಟ್ಟುತ್ತದೆ ಎಂದು ತಿಳಿಯಬೇಕಾದರೆ ಪೀಣ್ಯದಲ್ಲಿ ಇನ್ನೂ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಶೀಟಿನ ಸೂರು, ಉಪಗ್ರಹದ ಕನಸು

1971ರ ಡಿಸೆಂಬರ್ 30ರಂದು ವಿಕ್ರಂ ಸಾರಾಭಾಯ್ ತೀರಿಕೊಂಡರು. ದೇಶದ ಮೊದಲ ಉಪಗ್ರಹದ ಮಾತುಕತೆ ಆಗ ಅರ್ಧಕ್ಕೆ ಬಂದಿತ್ತು. ಸೋವಿಯತ್ ವಿಜ್ಞಾನ ಅಕಾಡೆಮಿಯ ಜತೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1972ರ ಮೇ 10ರಂದು. ರಾಕೆಟ್ ಅವರದು, ಉಪಗ್ರಹ ನಮ್ಮದು.

ಅದನ್ನು ಕಟ್ಟುವ ಹೊಣೆ ಬಿದ್ದದ್ದು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮೇಲೆ. ವಯಸ್ಸು ನಲವತ್ತು. ಕಾಸ್ಮಿಕ್ ಕಿರಣಗಳ ವಿಜ್ಞಾನಿ, ಸಾರಾಭಾಯ್ ಶಿಷ್ಯ, ಅಮೆರಿಕದ ಪಯನೀರ್ ನೌಕೆಗಳಲ್ಲಿ ಪ್ರಯೋಗ ನಡೆಸಿದ್ದವರು. ಮೇಲೆ ಅಧ್ಯಕ್ಷರಾಗಿ ಬಂದವರು ಸತೀಶ್ ಧವನ್. ಅವರು ಹುದ್ದೆ ಒಪ್ಪಿಕೊಂಡದ್ದೇ ಎರಡು ಷರತ್ತಿನ ಮೇಲೆ: ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ನಿರ್ದೇಶಕ ಸ್ಥಾನ ಬಿಡುವುದಿಲ್ಲ, ಇಸ್ರೊ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಉಪಗ್ರಹ ಕಟ್ಟಿದ ಅನುಭವ ಇಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ. ಹೊಸದಾಗಿ ಸೇರಿದ ಹುಡುಗರಿಗಂತೂ ಇಲ್ಲವೇ ಇಲ್ಲ. ಹೆಚ್ಚಿನವರು ಇಪ್ಪತ್ತರ ಹರೆಯದವರು.

ಜಾಗ ಸಿಕ್ಕಿದ್ದು ಪೀಣ್ಯದಲ್ಲಿ, ಆಗಷ್ಟೇ ಎದ್ದು ನಿಲ್ಲುತ್ತಿದ್ದ ಕೈಗಾರಿಕಾ ಪ್ರದೇಶದ ಕೆಲವು ಶೆಡ್ಡುಗಳು. ಪಕ್ಕದವರು ನಟ್ಟು ಬೋಲ್ಟು ಮಾಡುವಂಥ ಜಾಗದಲ್ಲಿ ಧೂಳು ಹೊಗದ ಕೊಠಡಿ ಕಟ್ಟಿಕೊಂಡು ಇವರು ಉಪಗ್ರಹ ಜೋಡಿಸಲು ಕೂತರು. ಚೌಕಟ್ಟು ಮಾಡಿಕೊಟ್ಟದ್ದು ಎಚ್‌ಎಎಲ್. ಸೌರಕೋಶ, ಬ್ಯಾಟರಿ, ಶಾಖ ತಡೆಯುವ ಬಣ್ಣ, ಟೇಪ್ ರೆಕಾರ್ಡರ್ ಸೋವಿಯತ್ತಿನಿಂದ ಬಂದವು. ದತ್ತಾಂಶ ಹಿಡಿಯುವ ಯಂತ್ರಗಳಿಗೆ ಬೇರೆಲ್ಲೂ ಜಾಗ ಸಿಗದೆ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಸ್ವೀಕೃತಿ ಕೇಂದ್ರ ಮಾಡಿಕೊಂಡರು ಎಂಬ ಕಥೆಯನ್ನು ಇಸ್ರೊದ ಹಳಬರು ಇಂದಿಗೂ ನಗುತ್ತ ಹೇಳುತ್ತಾರೆ.

ಇಂಥ ಜಾಗದಲ್ಲಿ ದೊಡ್ಡಸ್ತಿಕೆ ನಡೆಯುವುದಿಲ್ಲ. ಬೆಸುಗೆ ಹಾಕುವ ಹುಡುಗನಿಗೂ ನಿರ್ದೇಶಕರಿಗೂ ನಡುವೆ ಇರುವುದು ಒಂದು ತೆಳು ಗೋಡೆ. ತಪ್ಪಾದರೆ ಮುಚ್ಚಿಡಲು ಇನ್ನೊಂದು ಮಹಡಿಯೇ ಇಲ್ಲ.

1975ರ ಏಪ್ರಿಲ್ 19ರಂದು ಆರ್ಯಭಟ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ದೇಶ ಹಿಗ್ಗಿತು. ಐದನೇ ದಿನಕ್ಕೆಲ್ಲ ವೈಜ್ಞಾನಿಕ ಪ್ರಯೋಗಗಳಿಗೆ ಹೋಗುವ ವಿದ್ಯುತ್ ಕೈಕೊಟ್ಟಿತು. ಎಕ್ಸ್-ರೇ ಖಗೋಳ, ಸೌರ ಭೌತಶಾಸ್ತ್ರ, ವಾಯುಮಂಡಲದ ಅಧ್ಯಯನ ಮೂರೂ ನಿಂತವು. ಉಪಗ್ರಹದ ಉಳಿದ ಅಂಗಗಳು ಮಾತ್ರ ವರ್ಷಗಟ್ಟಲೆ ಸಂಕೇತ ಕಳಿಸುತ್ತಲೇ ಇದ್ದವು.

ನಮ್ಮ ಎಷ್ಟೋ ಕಚೇರಿಗಳಲ್ಲಾದರೆ ಮುಂದಿನದು ಗೊತ್ತೇ ಇದೆ. ಕಾರಣ ಕೇಳಿ ನೋಟಿಸು, ಒಂದೆರಡು ವರ್ಗಾವಣೆ, ಅತಿ ಕಿರಿಯನೊಬ್ಬನ ಮೇಲೆ ಗೂಬೆ ಕೂರಿಸಿ ಕಡತ ಮುಕ್ತಾಯ. ಪೀಣ್ಯದಲ್ಲಿ ರಾವ್ ಅವರ ಕುರ್ಚಿ ಅಲ್ಲಾಡಲಿಲ್ಲ. ಆರ್ಯಭಟದ 26 ಮುಖದ ಮೈಯನ್ನೇ ಇಟ್ಟುಕೊಂಡು ಭಾಸ್ಕರ ಉಪಗ್ರಹಗಳು ತಯಾರಾದವು, ಯೋಜನಾ ನಿರ್ದೇಶಕ ಕೆ. ಕಸ್ತೂರಿರಂಗನ್. 1979ರಲ್ಲಿ ಹೋದ ಭಾಸ್ಕರ-1ರ ಕ್ಯಾಮೆರಾ ಹಟ ಹಿಡಿಯಿತು. ಚಿತ್ರ ಬರಲು ಸುಮಾರು ಒಂದು ವರ್ಷ ಕಾಯಬೇಕಾಯಿತು. ಭಾಸ್ಕರ-2ರಲ್ಲಿ ಎರಡು ಕ್ಯಾಮೆರಾಗಳ ಪೈಕಿ ಒಂದು ಕೆಟ್ಟಿತು. 1981ರ ಆ್ಯಪಲ್ ಉಪಗ್ರಹದ ಒಂದು ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ, ಆದರೂ ಎರಡು ವರ್ಷಕ್ಕೂ ಮಿಕ್ಕಿ ದುಡಿಸಿಕೊಂಡರು.

ಒಂದೊಂದರಲ್ಲೂ ಏನೋ ಒಂದು ಕೆಟ್ಟಿತು, ಕೆಟ್ಟದ್ದು ಮುಂದಿನ ತಂಡದ ಕೈಗೆ ಲೆಕ್ಕಸಮೇತ ಹೋಯಿತು. ಕೆಡಿಸಿದವರು ಎನ್ನಿಸಿಕೊಳ್ಳಬಹುದಾಗಿದ್ದ ರಾವ್ 1984ರಲ್ಲಿ, ಕಸ್ತೂರಿರಂಗನ್ 1994ರಲ್ಲಿ ಇಸ್ರೊ ಅಧ್ಯಕ್ಷರಾದರು. ರಾವ್ ಕಾಲದಲ್ಲೇ ಎಎಸ್‌ಎಲ್‌ವಿ ರಾಕೆಟ್ 1987 ಮತ್ತು 1988ರಲ್ಲಿ ಎರಡು ಸಲ ಬಿತ್ತು. ಆಗಲೂ ತಲೆದಂಡ ಕೇಳಿದವರು ಹೊರಗಿನವರೇ.

ಪೀಣ್ಯ ಪೆಟ್ಟಿಗೆ
ಹೆಸರಿಟ್ಟವರು: ಮೈತ್ರಿ, ಜವಾಹರ್, ಆರ್ಯಭಟ ಎಂಬ ಮೂರು ಹೆಸರುಗಳಲ್ಲಿ ಕೊನೆಯದನ್ನು ಆರಿಸಿದ್ದು ಇಂದಿರಾ ಗಾಂಧಿ.
ನೋಟಿನ ಮೇಲೆ: ಹಳೆಯ 2 ರೂಪಾಯಿ ನೋಟಿನ ಹಿಂಬದಿಯಲ್ಲಿದ್ದದ್ದು ಪೀಣ್ಯದಲ್ಲಿ ಹುಟ್ಟಿದ ಇದೇ ಉಪಗ್ರಹ.
ಎತ್ತಿನ ಗಾಡಿ: ಆ್ಯಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟ ಚಿತ್ರ ಜಗತ್ತನ್ನೇ ಸುತ್ತಿದೆ. ಅದು ಬಡತನದ ಚಿತ್ರವಲ್ಲ. ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ಅಡಿಪಾಯ ಬೇಕಿತ್ತು, ಮರದ ಗಾಡಿ ಸಿಕ್ಕಿತು.
ಈಗ: ಹಳೆ ವಿಮಾನ ನಿಲ್ದಾಣ ರಸ್ತೆಗೆ ಹೋದ ಉಪಗ್ರಹ ಕೇಂದ್ರಕ್ಕೆ 2018ರಿಂದ ಯು.ಆರ್. ರಾವ್ ಹೆಸರು.

ವಾಟ್ಸ್‌ಆ್ಯಪ್ ಕಥೆಯ ಅರ್ಧ ಭಾಗ

ಧವನ್-ಕಲಾಂ ಕಥೆ ಯಾರ ಫೋನಿಗೆ ಬಂದಿಲ್ಲ? 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು, ಪತ್ರಕರ್ತರ ಮುಂದೆ ಧವನ್ ನಿಂತು ಹೊಣೆ ಹೊತ್ತರು. 1980ರ ಜುಲೈ 18ರಂದು ಗೆದ್ದಾಗ ಯೋಜನಾ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ ಅವರನ್ನು ಮುಂದೆ ಕಳಿಸಿದರು. ಕಥೆ ನಿಜ. ಆದರೆ ಅದು ಅರ್ಧ ಮಾತ್ರ, ಅದೂ ಮೇಲಿನವರ ಅರ್ಧ.

ಉಳಿದರ್ಧವನ್ನು ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಉಡಾವಣೆಗೆ ಕೆಲವೇ ನಿಮಿಷ ಇದ್ದಾಗ ಕಂಪ್ಯೂಟರ್ ತಾನಾಗಿ ಎಣಿಕೆ ನಿಲ್ಲಿಸಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲದ ಸೋರಿಕೆ. ತಜ್ಞರು ಅಷ್ಟೇನೂ ಅಪಾಯವಿಲ್ಲ ಎಂದರು. ಕಲಾಂ ಮುಂದುವರಿಯಲು ಹೇಳಿದರು. ಸೋಲಿನ ನಂತರದ ಪರಿಶೀಲನಾ ಸಭೆಯಲ್ಲಿ, ತಾಂತ್ರಿಕ ಕಾರಣಗಳನ್ನೆಲ್ಲ ಗೆಳೆಯರು ವಿವರಿಸಿ ಮುಗಿಸಿದ ಮೇಲೆ, ಅವರು ಎದ್ದು ನಿಂತು ಎಣಿಕೆ ತಡೆಹಿಡಿಯದಿದ್ದದ್ದು ತಮ್ಮ ನಿರ್ಧಾರದ ತಪ್ಪು ಎಂದು ಒಪ್ಪಿಕೊಂಡರು.

ಮೊದಲು ಧವನ್ ಹೊರಗಿನ ಜಗತ್ತಿಗೆ ಎದೆಯೊಡ್ಡಿದ್ದರಿಂದಲೇ ಕಲಾಂ ಒಳಗಿನ ಸಭೆಯಲ್ಲಿ ಬಾಯಿ ಬಿಡಬಲ್ಲವರಾದರು. ಒಂದಿಲ್ಲದೆ ಇನ್ನೊಂದಿಲ್ಲ. ನಮ್ಮ ಕಂಪನಿಗಳ ಸಾಹೇಬರು ಮೊದಲರ್ಧವನ್ನು ಸ್ಲೈಡಿಗೆ ಹಾಕುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಎರಡನೆಯದಕ್ಕೆ ಕೆಳಗಿನವರು ಬಾಯಿ ಬಿಡಬೇಕಲ್ಲ, ಅದು ಅಪಾಯದ ಕೆಲಸ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳನ್ನು ಅಧ್ಯಯನ ಮಾಡಿದಾಗ ವಿಚಿತ್ರವೊಂದು ಕಂಡಿತು. ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರೇನೂ ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಹೇಳುತ್ತಿದ್ದರು. ಉಳಿದ ತಂಡಗಳಲ್ಲಿ ಮುಚ್ಚಿಡುತ್ತಿದ್ದರು.

ಕೆಟ್ಟ ಸುದ್ದಿಗೆ ಕಿವಿ ಮುಚ್ಚುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬಾಹ್ಯಾಕಾಶ ಲೋಕದಲ್ಲೇ ಕರಾಳ ಉದಾಹರಣೆ ಇದೆ. 1986ರ ಜನವರಿ 27ರ ರಾತ್ರಿ. ಮರುದಿನ ಚಾಲೆಂಜರ್ ನೌಕೆ ಹಾರಬೇಕು. ರಾಕೆಟ್ ಬೂಸ್ಟರ್ ಮಾಡಿದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ಬೇಡವೇ ಬೇಡ ಎಂದರು. ಚಳಿ ಹೆಚ್ಚಿದೆ, ಬೂಸ್ಟರಿನ ರಬ್ಬರ್ ಉಂಗುರ ಗಡುಸಾಗುತ್ತದೆ, ಬೆಂಕಿ ಸೋರುತ್ತದೆ ಎಂಬುದು ಅವರ ವಾದ. ನಾಸಾ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಕಂಪನಿಯ ಮ್ಯಾನೇಜರುಗಳು ತಮ್ಮಷ್ಟಕ್ಕೇ ಮಾತಾಡಿಕೊಳ್ಳಲು ಬಿಡುವು ಕೇಳಿದರು, ವಾಪಸ್ ಬಂದು ಒಪ್ಪಿಗೆ ಕೊಟ್ಟರು. ಮರುದಿನ ಹಾರಿದ 73ನೇ ಸೆಕೆಂಡಿನಲ್ಲಿ ನೌಕೆ ಚೂರಾಯಿತು. ಏಳು ಜನ ಸತ್ತರು. ಆ ಸಭೆಯಲ್ಲಿ ಜ್ಞಾನದ ಕೊರತೆ ಇರಲಿಲ್ಲ.

ಐದು ಎಂಜಿನ್, ಒಂದು ಸೋಲು

ಮತ್ತೆ ಪೀಣ್ಯಕ್ಕೆ. ಚಂದ್ರಯಾನ-2 ಸೋತ ಬಗೆಯನ್ನು ಸೋಮನಾಥ್ ಮುಂದೆ ಬಿಡಿಸಿ ಹೇಳಿದ್ದಾರೆ. ವೇಗ ತಗ್ಗಿಸುವ ಐದು ಎಂಜಿನ್‌ಗಳು ಲೆಕ್ಕಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು. ನೌಕೆ ಸ್ಥಿರವಾಗಿದ್ದು ಚಿತ್ರ ತೆಗೆಯಬೇಕಾದ ಹೊತ್ತಿನಲ್ಲಿ ತಪ್ಪುಗಳು ಕೂಡುತ್ತಾ ಹೋದವು. ಆಮೇಲೆ ಅವನ್ನೆಲ್ಲ ಒಮ್ಮೆಲೇ ಸರಿಪಡಿಸಲು ನೌಕೆ ಗಕ್ಕನೆ ತಿರುಗಬೇಕಾಯಿತು. ಅಷ್ಟು ವೇಗವಾಗಿ ತಿರುಗಲು ತಂತ್ರಾಂಶ ಬಿಡಲಿಲ್ಲ. ಸಾಲದ್ದಕ್ಕೆ ಇಳಿಯುವ ಜಾಗ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಅಲ್ಲಿಗೇ ಮುಟ್ಟಬೇಕೆಂದು ನೌಕೆ ವೇಗ ಹೆಚ್ಚಿಸಿಕೊಂಡಿತು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಎಂಜಿನ್ ಒಂದು ಕೇಂದ್ರದ ಕೆಲಸ, ತಂತ್ರಾಂಶ ಇನ್ನೊಂದು ತಂಡದ್ದು, ಜಾಗದ ಆಯ್ಕೆ ಮತ್ತೊಂದು ಸಮಿತಿಯದು. ಪ್ರತಿ ಮುಖ್ಯಸ್ಥರಿಗೂ 'ನಮ್ಮ ಭಾಗ ಸರಿಯಾಗಿಯೇ ಇತ್ತು' ಎನ್ನುವ ಅವಕಾಶ ಇತ್ತು. ಎಲ್ಲರೂ ಹಾಗೆಂದಿದ್ದರೆ ಚಂದ್ರಯಾನ-3 ಆಗುತ್ತಿರಲಿಲ್ಲ.

ವಿನ್ಯಾಸದ ಪ್ರಶ್ನೆಯನ್ನೇ ಅವರು ತಿರುಗಿಸಿದರು. ಎಲ್ಲವೂ ಸರಿಯಿದ್ದರೆ ಇಳಿಯುವುದು ಹೇಗೆ ಎಂದು ಕೇಳುವ ಬದಲು ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಎಂದು ಕೇಳಿಕೊಂಡರು. ಸೆನ್ಸರ್ ಕೈಕೊಟ್ಟರೆ? ಎಂಜಿನ್ ಕೈಕೊಟ್ಟರೆ? ಲೆಕ್ಕ ತಪ್ಪಿದರೆ? ಇದು ಕೇಳಲು ಸುಲಭ, ಮಾಡಲು ಕಷ್ಟ. ಯಾಕೆಂದರೆ ಒಬ್ಬ ಮುಖ್ಯಸ್ಥ ಎಲ್ಲರ ಎದುರು ಕೂತು ತನ್ನ ವಿಭಾಗದ ಕೆಲಸ ಎಲ್ಲೆಲ್ಲಿ ಮುರಿಯಬಹುದು ಎಂದು ತಾನೇ ಪಟ್ಟಿ ಮಾಡಿಕೊಡಬೇಕು. ಪಕ್ಕದ ಕುರ್ಚಿಯವರು ನಾಳೆ ಅದನ್ನೇ ತನ್ನ ಮೇಲೆ ಬಳಸುವುದಿಲ್ಲ ಎಂಬ ಧೈರ್ಯ ಇಲ್ಲದಿದ್ದರೆ ಯಾರು ತಾನೇ ಬರೆದುಕೊಟ್ಟಾರು?

ಸೋಲಿನಿಂದ ಬದಲಾದದ್ದು
ಜಾಗ: 500 ಮೀ. x 500 ಮೀ. ಇದ್ದದ್ದು 4 ಕಿ.ಮೀ. x 2.4 ಕಿ.ಮೀ. ಆಯಿತು.
ಎಂಜಿನ್: ನಡುವಿನ ಐದನೆಯದನ್ನು ಕಿತ್ತುಹಾಕಿ ನಾಲ್ಕೇ ಉಳಿಸಿಕೊಂಡರು.
ಕಾಲು, ಇಂಧನ: ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು, ವೇಗ ಅಳೆಯುವ ಲೇಸರ್ ಉಪಕರಣ ಸೇರಿತು.
ಪರೀಕ್ಷೆ: ಸೆನ್ಸರುಗಳನ್ನು ಹೆಲಿಕಾಪ್ಟರಿಗೆ ಕಟ್ಟಿ, ಎಂಜಿನ್‌ಗಳನ್ನು ಕ್ರೇನಿಗೆ ತೂಗಿ ಪರೀಕ್ಷಿಸಿದರು. ಲ್ಯಾಂಡರುಗಳ ಸೆನ್ಸರ್ ಪರೀಕ್ಷೆಗೆ ನೆಲ ಕೊಟ್ಟದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ.
ಕಿವಿ: ಕೆಂಗೇರಿ ದಾಟಿ ದೊಡ್ಡ ಆಲದ ಮರದ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಬ್ಯಾಲಾಳು. ಸುತ್ತಲ ಗುಡ್ಡಗಳು ರೇಡಿಯೊ ಗದ್ದಲ ತಡೆಯುವ ಬಟ್ಟಲಿನಂಥ ಆ ಜಾಗದಲ್ಲಿ 32 ಮೀಟರ್ ಅಗಲದ ಆಂಟೆನಾ 2008ರಿಂದ ಚಂದ್ರನ ಮಾತು ಕೇಳುತ್ತಿದೆ.

ಕೆಂಪು ಬಿನ್ ಎಲ್ಲಿದೆ?

ಇಸ್ಟ್ರಾಕ್ ಗೇಟಿನಿಂದ ಹೊರಬಂದು ಪೀಣ್ಯದ ಯಾವ ಅಡ್ಡರಸ್ತೆಗೆ ತಿರುಗಿದರೂ ಲೇತ್, ಮಿಲ್ಲಿಂಗ್, ಸಿಎನ್‌ಸಿ ಯಂತ್ರಗಳ ಸದ್ದು, ಕೂಲೆಂಟ್ ಎಣ್ಣೆಯ ವಾಸನೆ. ಬೆಳಿಗ್ಗೆ ಕಾಮಾಕ್ಷಿಪಾಳ್ಯ, ರಾಜಾಜಿನಗರ, ಮಾಗಡಿ ರಸ್ತೆ ಕಡೆಯಿಂದ ಊಟದ ಡಬ್ಬಿ ಹಿಡಿದು ಬರುವವರ ಜಗತ್ತು ಇದು. ದೊಡ್ಡ ಕಂಪನಿಯ ಜಾಬ್ ವರ್ಕ್ ಮಾಡಿಕೊಡುವ ಇಂಥ ಶಾಪುಗಳಲ್ಲಿ ಅನೇಕವು ಪಾಲುದಾರಿಕೆಯವು: ಅಣ್ಣ-ತಮ್ಮ, ಭಾವ-ಮೈದುನ, ಐಟಿಐ ಸಹಪಾಠಿಗಳು. ಒಬ್ಬರು ಆರ್ಡರು ತರುತ್ತಾರೆ, ಒಬ್ಬರು ಮಿಷನ್ ನೋಡುತ್ತಾರೆ, ಇನ್ನೊಬ್ಬರು ಜಿಎಸ್‌ಟಿ, ಬ್ಯಾಂಕು. ಇದೂ ಒಂದು ನಾಯಕತ್ವದ ತಂಡವೇ, ಹಾಗಂತ ಬೋರ್ಡು ಇರುವುದಿಲ್ಲ ಅಷ್ಟೆ.

ಶಿಸ್ತಿನ ಶಾಪಿನಲ್ಲಿ ಅಳತೆ ತಪ್ಪಿದ ಪೀಸು ಹಾಕಲು ಕೆಂಪು ಬಿನ್ ಇರುತ್ತದೆ. ಅದನ್ನು ಎಲ್ಲಿ ಇಟ್ಟಿದ್ದಾರೆ ನೋಡಿ. ಮಿಷನ್ ಪಕ್ಕದಲ್ಲೇ, ಬಂದವರಿಗೆಲ್ಲ ಕಾಣುವ ಹಾಗೆ ಇದ್ದರೆ ಸಂಜೆ ಪಾಲುದಾರರು ಅದರ ಸುತ್ತ ನಿಂತು ಮಾತಾಡುತ್ತಾರೆ: ಟೂಲ್ ಸವೆದಿತ್ತೆ, ಡ್ರಾಯಿಂಗ್ ಓದುವಾಗ ತಪ್ಪಾಯಿತೆ, ಕಚ್ಚಾ ಮಾಲೇ ಸರಿಯಿರಲಿಲ್ಲವೆ? ಬಿನ್ ಹಿಂದಿನ ಗೋಡೌನಿಗೆ ಹೋಗಿದ್ದರೆ ರಿಜೆಕ್ಷನ್ ಸುದ್ದಿ ಮೊದಲು ತಲುಪುವುದು ಗಿರಾಕಿಗೆ, ಅವರ ಫೋನಿನಿಂದ ಪಾಲುದಾರರಿಗೆ. ಪಾಲುದಾರಿಕೆ ದುಡ್ಡಿನ ಜಗಳದಿಂದ ಒಡೆಯಿತು ಎಂದು ಊರು ಹೇಳುತ್ತದೆ. ಅನೇಕ ಸಲ ಅದು ಅದಕ್ಕೂ ಮೊದಲೇ, ಒಬ್ಬನಿಗೆ ಗೊತ್ತಿದ್ದ ಕೆಟ್ಟ ಸುದ್ದಿಯನ್ನು ಇನ್ನೊಬ್ಬನಿಗೆ ಹೇಳದೆ ಇದ್ದ ದಿನವೇ ಒಡೆದಿರುತ್ತದೆ.

ರೆಸಾರ್ಟಿಗೆ ಕರೆದೊಯ್ದು ಕಣ್ಣುಕಟ್ಟಿ, ಹಿಂದಕ್ಕೆ ಬೀಳಿ, ನಿಮ್ಮವರು ಹಿಡಿಯುತ್ತಾರೆ ಎನ್ನುವ ಆಟಗಳ ಬಗ್ಗೆ ನನಗೆ ಹೆಚ್ಚು ನಂಬಿಕೆಯಿಲ್ಲ. ಬಿರಿಯಾನಿ ಚೆನ್ನಾಗಿರುತ್ತದೆ, ಸೋಮವಾರದ ಸಭೆ ಹಿಂದಿನಂತೆಯೇ ಇರುತ್ತದೆ.

ಒಳಗಿನ ಮಾತು, ಹೊರಗಿನ ಮೌನ

ಇಸ್ರೊ ಒಳಗೆ ಎಲ್ಲವೂ ಹಾಲು-ಜೇನು ಎಂದುಕೊಳ್ಳಬೇಕಿಲ್ಲ. ಚಂದ್ರಯಾನ-3 ಗೆದ್ದ ಮೂರು ತಿಂಗಳೊಳಗೆ, 2023ರ ನವೆಂಬರಿನಲ್ಲಿ, ಸೋಮನಾಥ್ ಅವರ ಮಲಯಾಳಂ ಆತ್ಮಕಥೆಯಲ್ಲಿ ಹಿಂದಿನ ಅಧ್ಯಕ್ಷರ ಬಗ್ಗೆ ಟೀಕೆಗಳಿವೆ ಎಂಬ ಸುದ್ದಿ ಬಂತು. ಗದ್ದಲವೆದ್ದಿತು. ಅವರು ಪುಸ್ತಕದ ಪ್ರಕಟಣೆಯನ್ನೇ ಹಿಂದಕ್ಕೆ ಪಡೆದರು. ದೊಡ್ಡ ಸಂಸ್ಥೆಯ ಮೇಲಿನ ಸ್ತರದಲ್ಲಿ ಹುದ್ದೆ, ಹಿರಿತನ, ಕಹಿ ಎಲ್ಲ ಇರುತ್ತವೆ. ಇಷ್ಟಿದ್ದೂ ಎಂಜಿನ್ ನೂಕುಬಲದ ಅಂಕಿಯನ್ನು ಯಾರೂ ಅಡಗಿಸಿಡಲಿಲ್ಲ ಎನ್ನುವುದು ನನ್ನ ಮಟ್ಟಿಗೆ ದೊಡ್ಡ ಮಾತು. ಒಟ್ಟಿಗೆ ಕೆಲಸ ಮಾಡಲು ಗೆಳೆತನ ಇರಲೇಬೇಕೆಂದಿಲ್ಲ, ಮುಂದಿಟ್ಟ ಅಂಕಿ ನಿಜ ಎಂಬ ಭರವಸೆ ಸಾಕು.

ತಕರಾರು ಇರುವುದು ಇನ್ನೊಂದು ಕಡೆ. ಒಳಗೆ ಇಷ್ಟು ಬಿಚ್ಚುಮನಸ್ಸಿನವರು ಹೊರಗೆ ಬಾಯಿ ಬಿಡುವುದು ಕಡಿಮೆ. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ಸೋತಾಗ ದ್ರವ ಜಲಜನಕದ ಟ್ಯಾಂಕಿನ ಕವಾಟ ಸೋರಿದ್ದೇ ಕಾರಣ ಎಂದು ಸಮಿತಿ ಕಂಡುಕೊಂಡದ್ದನ್ನು ಇಸ್ರೊ ತಾನೇ ಪ್ರಕಟಿಸಿತ್ತು. ಎಲ್ಲ ಸೋಲಿಗೂ ಹಾಗಾಗುವುದಿಲ್ಲ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಮೂರನೇ ಹಂತದಲ್ಲಿ ಎಡವಿ ಇಒಎಸ್-09 ಉಪಗ್ರಹ ಕಳೆದುಹೋದಾಗ, ಪರಿಶೀಲನೆಯ ವರದಿ ಜನರ ಮುಂದೆ ಬರಲಿ ಎಂಬ ಕೂಗು ಮತ್ತೆ ಎದ್ದಿತು. ಚಂದ್ರಯಾನ-2ರ ಐದು ಎಂಜಿನ್‌ಗಳ ಕಥೆಯೂ ಇಷ್ಟು ಬಿಡಿಸಿ ನಮಗೆ ತಿಳಿದದ್ದು 2023ರ ಜುಲೈನಲ್ಲಿ, ಸೋಮನಾಥ್ ಸುದ್ದಿಗಾರರ ಮುಂದೆ ಹೇಳಿದಾಗ. ಅಷ್ಟೊತ್ತಿಗೆ ಲ್ಯಾಂಡರ್ ಬಿದ್ದು ನಾಲ್ಕು ವರ್ಷ ಆಗುತ್ತ ಬಂದಿತ್ತು.